ಮೂರು ಸಲ ಫೇಲಾದ ವರ

ದಾನೇಶ್ವರಿ ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬಂದಾಗ ವರ ಅವಳನ್ನು ನೋಡಲಿಲ್ಲ. ಗೋಡೆಯ ಮೇಲಿನ ವೈಫೈ ಡಬ್ಬಿಯನ್ನು ನೋಡುತ್ತ ಕೂತಿದ್ದ.

ಇನ್ನೊಬ್ಬ ಪೆದ್ದ, ಎಂದುಕೊಂಡಳು.

ಪೆದ್ದರನ್ನು ಗುರುತಿಸುವುದರಲ್ಲಿ ಅವಳ ಕಣ್ಣು ಬಲು ಚುರುಕು. ಕೊಪ್ಪಳದ ಒಂದು ಖಾಸಗಿ ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಅವಳದು. ಹುಟ್ಟಿದ ದಿನವನ್ನೇ ಪಾಸ್‌ವರ್ಡ್ ಮಾಡಿಕೊಂಡ ಪ್ರಿನ್ಸಿಪಾಲರು, ಲಾಟರಿ ಹೊಡೆದಿದೆ ಎಂಬ ಮೆಸೇಜು ಕಂಡರೆ ಒತ್ತಿಯೇ ಬಿಡುವ ಲೆಕ್ಚರರು, ಎಲ್ಲರಿಗೂ ಅವಳು ಮನಸ್ಸಿನಲ್ಲೇ ಸೊನ್ನೆ ಕೊಟ್ಟಾಗಿತ್ತು. ನೋಡಲು ಬಂದ ವರಗಳಿಗೂ ಅಷ್ಟೇ. ಹಿಂದಿನವನು ತಾನು ಹ್ಯಾಕರ್ ಎಂದಿದ್ದ. ಮರೆತ ಪಾಸ್‌ವರ್ಡ್ ವಾಪಸು ತರುವುದಷ್ಟೇ ಅವನಿಗೆ ಬರುತ್ತಿತ್ತು.

ಇವನು ಇಟಗಿಯ ಸಿದ್ದೇಶ. ಕುಷ್ಟಗಿಯ ಬೀಜದ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗ. ಆ ಕಂಪನಿಯ ಬೀಜ ಅವಳಪ್ಪ ಅಮರಪ್ಪನ ಅಂಗಡಿಗೆ ಬರುತ್ತಿತ್ತು. ಹಾಗಾಗಿ ಈ ಮಾತುಕತೆ.

"ನಮ್ಮ ದಾನಿ ಓದ್ತಾಳಲ್ಲ, ಅದೇ ಸೆಕ್ಯೂರಿಟಿ ಪರೀಕ್ಷಾ ಇವರೂ ಬರದಾರಂತ" ಎಂದಳು ಸೋದರತ್ತೆ ಹುಲಗೆಮ್ಮ.

ದಾನೇಶ್ವರಿಯ ಕಿವಿ ನೆಟ್ಟಗಾಯಿತು. ಅದು ಪುಸ್ತಕ ಉರು ಹೊಡೆದು ಬರೆಯುವ ಪರೀಕ್ಷೆಯಲ್ಲ. ಇಂಟರ್ನೆಟ್ಟಿನ ಆ ತುದಿಯಲ್ಲಿ ನಾಲ್ಕಾರು ಕಂಪ್ಯೂಟರ್ ಕೊಡುತ್ತಾರೆ. ಒಂದು ಹಗಲು ಒಂದು ರಾತ್ರಿಯೊಳಗೆ ಅವುಗಳ ರಕ್ಷಣೆ ಒಡೆದು ಒಳಗೆ ಹೋಗಬೇಕು, ಹೋದ ದಾರಿಯನ್ನು ಬರೆದು ಕಳಿಸಬೇಕು. ಅಷ್ಟು ಹೊತ್ತೂ ಕ್ಯಾಮೆರಾದಲ್ಲಿ ಯಾರೋ ಕಾವಲು ಕಾಯುತ್ತಿರುತ್ತಾರೆ.

"ಪಾಸಾಗೀರೇನ್ರಿ?" ಎಂದಳು.

"ಇಲ್ರಿ. ಮೂರು ಸಲ ಫೇಲಾಗೀನಿ."

ಇವತ್ತು ಬಿಸಿಲು ಜಾಸ್ತಿ ಎನ್ನುವ ದನಿಯಲ್ಲಿ ಹೇಳಿದ. ದಾನೇಶ್ವರಿಗೆ ನಗು ತಡೆಯಲಾಗಲಿಲ್ಲ. ಹುಲಗೆಮ್ಮ ಅವಳ ತೋಳು ಚಿವುಟಿದಳು.

"ನೀವೆಷ್ಟು ಸಲ ಬರದೀರಿ?" ಅವನು ಕೇಳಿದ.

"ಇನ್ನೂ ಬರದಿಲ್ಲ. ಪೂರಾ ತಯಾರಾದ ಮ್ಯಾಲ ಬರೀತೀನಿ."

"ಓದಾಕತ್ತು ಎಷ್ಟು ದಿನಾತು?"

"ಎರಡು ವರ್ಷ."

ಅವನು ಚಹಾದ ಬಸಿಯನ್ನು ತುಟಿಗೊಯ್ದ. ಅದರ ಅಂಚಿನ ಮೇಲಿಂದ ಮೊದಲ ಸಲ ಅವಳನ್ನು ನೋಡಿದ. ಎಡಗಡೆಯ ಹುಬ್ಬು ಮೆಲ್ಲಗೆ ಮೇಲೇರಿತು. "ಬರೀಲಾರದವ್ರು ಫೇಲಾಗೂದಿಲ್ಲ ಬಿಡ್ರಿ" ಎಂದ.

ಆ ಹುಬ್ಬಿನಲ್ಲಿದ್ದದ್ದು ತಾತ್ಸಾರ. ಅವಳಿಗೆ ಅದು ಚೆನ್ನಾಗಿ ಗೊತ್ತು. ದಿನವೂ ಊರಿಗೆಲ್ಲ ಹಂಚುತ್ತಿದ್ದವಳು ಅವಳೇ. ಆದರೆ ಯಾರೂ ಅವಳಿಗೆ ತಿರುಗಿ ಕೊಟ್ಟಿರಲಿಲ್ಲ.

"ಇವ ಬ್ಯಾಡ" ಎಂದಳು, ಅವರ ಗಾಡಿ ಓಣಿ ದಾಟುವ ಮೊದಲೇ.

*

ಬೇಡವೆಂದವನ ಹುಬ್ಬು ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಹಲ್ಲುಜ್ಜುವಾಗ ಕನ್ನಡಿಯಲ್ಲಿ, ಕಾಲೇಜಿನ ಸರ್ವರ್ ರೂಮಿನ ಗಾಜಿನಲ್ಲಿ, ಎಲ್ಲೆಂದರಲ್ಲಿ ಏರಿ ನಿಂತಿರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಅವಳು ಪರೀಕ್ಷೆಯ ತಾರೀಖು ಬುಕ್ ಮಾಡಿದಳು. ಅಪ್ಪನ ಫೋನಿನಿಂದ ಅವನ ನಂಬರು ತೆಗೆದು ಮೆಸೇಜು ಹಾಕಿದಳು: 'ಬುಕ್ ಮಾಡೀನಿ. ಇನ್ನ ಹುಬ್ಬು ಇಳಸ್ರಿ.'

'ಇಳಸೀನ್ರಿ' ಎಂದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು: 'ನಾನೂ ಮತ್ತ ಬರ್ಯಾಂವ. ಕೂಡಿ ಪ್ರಾಕ್ಟೀಸ್ ಮಾಡೂಣೇನ್ರಿ?'

ಸೋಲುವುದು ಹೇಗೆಂದು ಕಲಿಯುವುದಕ್ಕೋ, ಎಂದು ಬರೆದು ಅಳಿಸಿದಳು. ಆಮೇಲೆ 'ರವಿವಾರ' ಎಂದಷ್ಟೇ ಕಳಿಸಿದಳು.

ರವಿವಾರಗಳು ಬಂದವು. ಕೊಪ್ಪಳ ಸ್ಟೇಷನ್ ರಸ್ತೆಯ ಹೋಟೆಲೊಂದರ ಮೂಲೆ ಟೇಬಲ್ಲಿನಲ್ಲಿ ಎರಡು ಲ್ಯಾಪ್‌ಟಾಪು, ನಡುವೆ ಒಂದು ಪ್ಲೇಟು ಮಿರ್ಚಿ.

"ಎಷ್ಟು ನಿಧಾನ ಟೈಪ್ ಮಾಡ್ತೀರಿ" ಅನ್ನುವಳು ಅವಳು.

"ನಿಮ್ಮಂಗ ಲಗೂನ ತಪ್ಪು ಮಾಡಾಕ ಬರಂಗಿಲ್ರಿ ನನಗ" ಅನ್ನುವನು ಅವನು.

ಪ್ರತಿ ಬಾಗಿಲನ್ನೂ ತಟ್ಟಿ ನೋಡುವುದು ಅವನ ರೀತಿ. ಸಣ್ಣದನ್ನೂ ಬಿಡುತ್ತಿರಲಿಲ್ಲ. ಕುರಿ ಎಣಿಸುವವರ ಹಾಗೆ, ಎಂದು ಅವಳು ಮೂಗು ಮುರಿಯುತ್ತಿದ್ದಳು. ಆದರೆ ಅವನು ತೆರೆಯತ್ತ ಬಾಗಿದಾಗ ಕೂದಲು ಹಣೆಗೆ ಜಾರುವುದನ್ನು, ಅದನ್ನು ಮಿರ್ಚಿಯ ಎಣ್ಣೆ ತಾಗದಂತೆ ಮೊಣಕೈಯಿಂದ ಸರಿಸುವುದನ್ನು, ಅವನು ತಿರುಗುವ ಮೊದಲೇ ತಾನು ಕಣ್ಣು ಕೀಳಬೇಕಾಗುವುದನ್ನು ಅವಳು ಯಾರಿಗೂ ಹೇಳಲಿಲ್ಲ.

"ನಿಮ್ಮ ಹಿಂದ ಸರಿಯಾದ ಗುರು ಇಲ್ಲ" ಎಂದಳು ಒಮ್ಮೆ. "ಪ್ರವೀಣಕುಮಾರ ಸರ್ ಕ್ಲಾಸಿಗೆ ಬರ್ರಿ. ಅವರ ಹುಡುಗರೆಲ್ಲ ಪಾಸಾಗ್ಯಾರ."

ಗಂಗಾವತಿಯ ಪ್ರವೀಣಕುಮಾರ ಆ ಸೀಮೆಯಲ್ಲಿ ಅವಳು ತಲೆಬಾಗಿದ ಒಬ್ಬನೇ ಮನುಷ್ಯ. ಅವನ ಆನ್‌ಲೈನ್ ಪಾಠ ಒಂದನ್ನೂ ತಪ್ಪಿಸುತ್ತಿರಲಿಲ್ಲ.

ಸಿದ್ದೇಶ ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟ. "ಹೋಗಿದ್ದೆ ಮೊದಲ. ಬಿಟ್ಟೆ" ಎಂದ. ಯಾಕೆಂದು ಹೇಳಲಿಲ್ಲ. ತಾಳ್ಮೆಯಿಲ್ಲದವ, ಎಂದುಕೊಂಡಳು.

*

ಪರೀಕ್ಷೆಗೆ ಮೂರು ದಿನವಿದ್ದಾಗ ಪ್ರವೀಣಕುಮಾರ ಫೋನ್ ಮಾಡಿದ.

"ದಾನೇಶ್ವರಿ, ನಿಮಗೊಂದು ಫೈಲ್ ಕಳಿಸೀನಿ. ಈಗ ನಡ್ಯಾಕತ್ತಿರೂ ಪರೀಕ್ಷಾದ ಉತ್ತರ. ಯಾವ ಮಷೀನ್ ಬಂದ್ರೂ ಅದರಾಗ ದಾರಿ ಐತಿ."

"ಸರ್, ಇದು ಕಳವು ಅಲ್ಲೇನ್ರಿ?"

"ಎಲ್ಲಾರೂ ಮಾಡೂದ ಇದು. ನನ್ನ ಹುಡುಗರು ಪಾಸಾಗೂದು ಹೆಂಗ ಅಂತ ತಿಳಕೊಂಡೀರಿ?" ಅವನು ನಕ್ಕ. ಮಗುವಿಗೆ ಬುದ್ಧಿ ಹೇಳುವವರ ನಗು.

ಅವಳು ಫೈಲು ಅಳಿಸಿದಳು. ಅವನ ಕ್ಲಾಸಿನಿಂದ ಹೆಸರು ತೆಗೆಸಿದಳು. ಬೀಗದ ಕೈ ಕದ್ದು ಬಾಗಿಲು ತೆರೆದು ತಾನೇ ಬೀಗ ಒಡೆದೆ ಎನ್ನುವವನ ಮುಂದೆ ಇಷ್ಟು ದಿನ ಕೈಕಟ್ಟಿ ಕೂತಿದ್ದೆನಲ್ಲ ಎಂದು ಮೈ ಉರಿಯಿತು. ಆಮೇಲೆ ಇನ್ನೊಂದು ಹೊಳೆದು ಎದ್ದು ನಿಂತಳು. ತಕ್ಷಣ ಸಿದ್ದೇಶನಿಗೆ ಫೋನ್ ಹಚ್ಚಿದಳು.

"ನಿಮಗೂ ಕಳಿಸಿದ್ರೇನ್ರಿ ಅವರು?"

"ಹ್ಞೂಂ. ಮೊದಲನೇ ಸಲಾನ."

"ಅದು ಕೈಯಾಗಿದ್ದೂ ಮೂರು ಸಲ ಫೇಲಾದ್ರೇನು?"

"ಕೈಯಾಗ ಇಟಗೊಂಡಿಲ್ರಿ. ಅವತ್ತ ತೆಗದು ಒಗದೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವೇನಂತಿದ್ರಿ? ಫೇಲಾದವನ ಹೊಟ್ಟಿಕಿಚ್ಚು ಅಂತಿದ್ರಿ."

ಹೌದು, ಹಾಗೇ ಅನ್ನುತ್ತಿದ್ದಳು. ಮಾತು ಮುಗಿದ ಮೇಲೂ ಬಹಳ ಹೊತ್ತು ಫೋನನ್ನು ಕೆನ್ನೆಗೆ ಒತ್ತಿಕೊಂಡೇ ಕೂತಿದ್ದಳು.

*

ಪರೀಕ್ಷೆಯಲ್ಲಿ ದಾನೇಶ್ವರಿ ಫೇಲಾದಳು.

ಅರ್ಧ ದಾರಿ ಚೆನ್ನಾಗಿಯೇ ಹೋಗಿತ್ತು. ಆಮೇಲೆ ಒಂದು ಕಂಪ್ಯೂಟರಿನ ಮುಂದೆ ನಿಂತುಬಿಟ್ಟಳು. ತನಗೆ ಗೊತ್ತಿದ್ದ ದೊಡ್ಡ ವಿದ್ಯೆಯನ್ನೆಲ್ಲ ಅದರ ಮೇಲೆ ಸುರಿದಳು. ಅದು ಅಲುಗಲಿಲ್ಲ. ಸಮಯ ಮುಗಿಯುವ ಹೊತ್ತಿಗೆ, ಬೇರೇನೂ ತೋಚದೆ, ಶುರುವಿನಲ್ಲೇ ಕಂಡು ಬಿಟ್ಟಿದ್ದ ಒಂದು ಫೋಲ್ಡರನ್ನು ಒತ್ತಿದಳು. ಪಾಸ್‌ವರ್ಡೇ ಇಲ್ಲದೆ ಅದು ತೆರೆಯಿತು. ಬೇಕಾದದ್ದೆಲ್ಲ ಒಳಗೇ ಇತ್ತು. ಇಷ್ಟು ಬಾಲಿಶವಾಗಿ ಯಾರು ಬಿಟ್ಟಿರುತ್ತಾರೆ ಎಂದು ಅವಳು ಅದನ್ನು ತೆರೆದೇ ನೋಡಿರಲಿಲ್ಲ. ಮುಂದಿನ ಹೆಜ್ಜೆ ಇಡುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಎಲ್ಲರೆದುರಿಗೆ "ಏನ್ರಿ ಮೇಡಂ, ನಿಮಗೂ ಬರಂಗಿಲ್ಲೇನು?" ಎಂದರು. ಲೆಕ್ಚರರು ಚಹಾದ ಕಪ್ಪಿನೊಳಗೆ ನಕ್ಕರು. ಯಾರ ತಪ್ಪೂ ಇಲ್ಲ. ಬಿತ್ತಿದ್ದು ಅವಳೇ.

ಮರುದಿನ ರಜೆ ಹಾಕಿ, ಸಿದ್ದೇಶನಿಗೊಂದು ಮೆಸೇಜು ಕಳಿಸಿ, ಇಟಗಿಯ ಬಸ್ಸು ಹತ್ತಿದಳು.

ಮಹಾದೇವ ದೇವಾಲಯದ ಕಂಬಗಳ ನಡುವೆ ಸಿದ್ದೇಶ ಕಾಯುತ್ತಿದ್ದ. ನುಣುಪಾದ ಕಲ್ಲಿನಲ್ಲಿ ಮಧ್ಯಾಹ್ನದ ಬೆಳಕು ನೀರಿನಂತೆ ಹೊಳೆಯುತ್ತಿತ್ತು. ಅವನು ಸಮಾಧಾನ ಹೇಳಿಬಿಟ್ಟರೆ ಅಲ್ಲಿಂದಲೇ ತಿರುಗಿ ಹೋಗಿಬಿಡುವುದೆಂದು ಅವಳು ಬಸ್ಸಿನಲ್ಲೇ ತೀರ್ಮಾನಿಸಿದ್ದಳು.

"ಎಲ್ಲಿ ಸಿಕ್ಕೊಂಡ್ರಿ?" ಎಂದ.

"ಹೇಳಂಗಿಲ್ಲ. ಪರೀಕ್ಷಾದ ರೂಲ್ಸು."

"ಹೌದಲ್ಲ." ಅವನು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. "ಹಂಗಾರ ಯಾತಕ್ಕ ಸಿಕ್ಕೊಂಡ್ರಿ, ಅಷ್ಟ ಹೇಳ್ರಿ."

ಅವಳು ಕೂತಳು. "ಸೊಕ್ಕಿಗೆ" ಎಂದಳು. ಕಣ್ಣಿಂದ ನೀರು ಇಳಿಯಿತು.

ಅವನು ನಗಲಿಲ್ಲ. ಕರವಸ್ತ್ರ ತೆಗೆದು, ನೋಡಿ, ಅದು ಅಷ್ಟು ಸ್ವಚ್ಛವಿಲ್ಲವೆಂದು ಮತ್ತೆ ಕಿಸೆಗೆ ಹಾಕಿಕೊಂಡ. ಅದನ್ನು ಕಂಡು, ಅಳುತ್ತಿದ್ದವಳು ಕಣ್ಣೊರೆಸಿಕೊಳ್ಳುತ್ತ ನಕ್ಕಳು.

"ನನ್ನ ಮ್ಯಾಲ ಕನಿಕರ ಬಂದು ಇಲ್ಲೀತನಕ ಬಂದಿದ್ರ ಬ್ಯಾಡ್ರಿ" ಎಂದ ಅವನು. "ನನ್ನ ಈ ಸಲದ ಪರೀಕ್ಷಾ ಬರೂ ತಿಂಗಳ ಐತಿ. ಮತ್ತ ಫೇಲಾಗಬಹುದು."

"ಕನಿಕರ ನನ್ನ ಹತ್ರ ಯಾವತ್ತೂ ಇದ್ದಿಲ್ಲ. ಇದ್ದದ್ದು ಬರೇ ತಾತ್ಸಾರ. ನಿಮ್ಮ ಮ್ಯಾಲ ಅದೂ ಮುಗದು ಹೋಗೇತಿ." ಅವಳು ಕಂಬದತ್ತ ಮುಖ ತಿರುಗಿಸಿದಳು. "ಅದು ಹೋದ ಜಾಗಾದಾಗ ಏನು ಬಂದೈತಿ ಅಂತ ನನಗ ಹೇಳಾಕ ಬರಂಗಿಲ್ಲ. ನೀವ ತಿಳಕೋರಿ."

ಗಾಳಿ ಕಂಬಗಳ ನಡುವೆ ಹಾದುಹೋಯಿತು. ಅವನ ಬೆರಳು ಕಲ್ಲಿನ ಮೇಲೆ ಜಾರಿ ಅವಳ ಬೆರಳಿನ ಪಕ್ಕಕ್ಕೆ ಬಂದು ನಿಂತಿತು. ಅವಳು ತನ್ನದನ್ನು ತೆಗೆಯಲಿಲ್ಲ.

"ನಿಮ್ಮಪ್ಪಾರಿಗೆ ಏನಂತೀರಿ?"

"ಬ್ಯಾಡ ಅಂದಾಕಿ ನಾನ, ಬೇಕು ಅನ್ನಾಕಿನೂ ನಾನ."

"ಪಾಸಾದ ಮ್ಯಾಲ ಮದುವಿ ಆಗೂಣಂತೀರೇನು?"

"ಹಂಗಾರ ನಾ ಮುದುಕಿ ಆಗಿರ್ತೀನಿ."

ಅವನು ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಆಮೇಲೆ ನಗು ನಿಲ್ಲಿಸಿ, ಮೆಲ್ಲಗೆ ಕೇಳಿದ: "ಖರೇ ಹೇಳ್ರಿ. ಈ ಸಲಾನೂ ಫೇಲಾಗಿ ಬಂದ್ರ ಏನು ಮಾಡ್ತೀರಿ?"

"ಬೈತೀನಿ" ಎಂದಳು ದಾನೇಶ್ವರಿ. "ಭಾಳ ಬೈತೀನಿ. ಆದ್ರ ನಿಮ್ಮ ಮನ್ಯಾಗ ಕುಂತು ಬೈತೀನಿ."