ಸರ್ಕಾರಿ ಸಂಸಾರ

ಬಾವಿಯ ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದೆ.

ಕೆಳಗೆ ಕಪ್ಪು ನೀರು. ಅದರೊಳಗೆ ನನ್ನದೇ ಮುಖ... ನೋಡೋ ಹಾಗಿರಲಿಲ್ಲ.

ನನ್ನ ಎರಡು ಕಾಲೂ ಸಿದ್ದರಾಜುವಿನ ಕೈಯಲ್ಲಿದ್ದವು. ಪೈಲ್ವಾನ್ ಸಿದ್ದರಾಜು. ದಸರಾ ಕುಸ್ತಿಯಲ್ಲಿ ಅವನ ಎದುರು ನಿಂತವರು ಆಮೇಲೆ ಬೇರೆ ಕಸುಬು ಹುಡುಕಿಕೊಂಡಿದ್ದಾರೆ.

"ಯೋಳ್ಲಾ. ನಮ್ಮಕ್ಕನ ಮದ್ವೆ ಯಾವಾಗಾಯ್ತು?"

"ಆಗಿಲ್ಲ ಪೈಲ್ವಾನ್ರೆ."

"ಆಗ್ಯದೆ ಅಂತ ಸರ್ಕಾರ ಯೋಳ್ತದೆ. ಬೆಳಿಗ್ಗೆ ಪೊಲೀಸ್ನೋನು ಬಂದು ಬೀದೀಲಿ ನಿಂತ್ಕಂಡು ಓದ್ಬುಟ್ಟು ಹೋದ. ಇಡೀ ಲಕ್ಷ್ಮೀಪುರಂ ಕೇಳಿಸ್ಕತು. ಆ ಪಿಯಾನೋ ದೊರೆ ಆಮೇಲೆ ನಿನ್ನ ತಾವ್ಕೇ ತಾನೆ ಓಡಿ ಬಂದಿದ್ದು?"

"ಬಂದಿದ್ದರು. ಅಳ್ತಾ ಇದ್ದರು. ಅದಕ್ಕೇ ವಿಚಾರಿಸೋಣ ಅಂತ ಈ ಮನೆಗೆ ಬಂದೆ."

"ಅಂಗಾರೆ ನಿಂಗೆಲ್ಲ ಗೊತ್ತು."

ಒಂದು ಕಾಲು ಬಿಟ್ಟ.

ಜೇಬಿನಲ್ಲಿದ್ದ ಬೀಡಿ ಕಟ್ಟು ಜಾರಿತು. ಅದು ನೀರಿಗೆ ಬಿದ್ದ ಸದ್ದು ಕೇಳೋಕೆ ಬಹಳ ಹೊತ್ತು ಹಿಡಿಯಿತು ಸಾರ್...

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಒಂದು ಹೆಣ್ಣು ದನಿ.

"ಸಿದ್ದ, ಇಳಿಸು ಅವರನ್ನ. ಕುಡಿಯೋ ನೀರು ಅದು."

ಅವರೇ ಸುಮಿತ್ರಮ್ಮ. ಮನೆಯ ಯಜಮಾನಿ. ಸಿದ್ದರಾಜುವಿನ ಅಕ್ಕ. ಗಂಡ ತೀರಿಕೊಂಡು ಬಹಳ ವರ್ಷ. ಸರ್ಕಾರದ ಪ್ರಕಾರ ಮತ್ತೆ ಮದುವೆಯಾದ ಮದುಮಗಳು.

ನಾನು ಹುಚ್ಚಣ್ಣ. ಮೊದಲು ಪೊಲೀಸ್ ಇಲಾಖೆಯಲ್ಲಿದ್ದೆ. ಈಗ ಸಯ್ಯಾಜಿರಾವ್ ರಸ್ತೆಯಲ್ಲಿ ಒಂದು ಹೋಟೆಲಿನ ಮಹಡಿ ಮೇಲೆ ರೂಮು. ಪೊಲೀಸರ ಹತ್ತಿರ ಹೇಳಿಕೊಳ್ಳಲಾಗದ್ದನ್ನ ಜನ ನನ್ನ ಹತ್ತಿರ ಹೇಳ್ತಾರೆ.

ಆ ದಿನ ಬಂದಿದ್ದವರು ಯಾನ್ ಹವೇಲ್ಕಾ. ಮೈಸೂರಿನ ಬಾಯಲ್ಲಿ ಹವಳಪ್ಪ. ಯೂರೋಪಿನ ಮನುಷ್ಯ. ಪಿಯಾನೋ ಶ್ರುತಿ ಮಾಡೋ ಕಸುಬು. ಯುದ್ಧಕ್ಕೆ ಮುಂಚೆ ಯಾವುದೋ ಕಂಪನಿ ಕರೆಸಿಕೊಂಡಿತ್ತು. ಕಂಪನಿ ಮುಚ್ಚಿತು. ಯುದ್ಧ ಬಂತು. ಪಾಸ್‌ಪೋರ್ಟ್ ಕೊಟ್ಟಿದ್ದ ಸರ್ಕಾರ ಹೋಯಿತು. ಹೊಸದಾಗಿ ಬಂದ ಸರ್ಕಾರ, ಈತ ಯಾರೋ ನಮಗೆ ಗೊತ್ತಿಲ್ಲ ಅಂದುಬಿಟ್ಟಿತು.

1961. ಆ ವರ್ಷ ಆತನ ದೇಶದ ಮೋಟಾರ್ ಸೈಕಲ್ಲಿಗೆ ಮೈಸೂರಿನಲ್ಲಿ ಕಾರ್ಖಾನೆಯೇ ಎದ್ದಿತು. ಸೈಕಲ್ಲಿಗೆ ಜಾಗ ಸಿಕ್ಕಿತು. ಮನುಷ್ಯ ಅರ್ಜಿ ಹಾಕಬೇಕಾಯಿತು.

ಭಾರತದ ಪೌರತ್ವ ಬೇಕು ಅಂತ ಅರ್ಜಿ. ಒಳ್ಳೆ ನಡತೆ ಇರಬೇಕು. ಪೊಲೀಸರು ಎಲ್ಲ ಆಫೀಸಿಗೂ ಬರೆದು ವಿಚಾರಿಸ್ತಾರೆ. ಹವಳಪ್ಪ ಅರ್ಜಿಯಲ್ಲಿ 'ಅವಿವಾಹಿತ' ಅಂತ ಬರೆದಿದ್ದರು.

ತೆರಿಗೆ ಆಫೀಸಿನಿಂದ ಉತ್ತರ ಬಂತು. ಹೆಂಡತಿ, ಸುಮಿತ್ರಮ್ಮ. ಮಕ್ಕಳು, ಇಬ್ಬರು ಹೆಣ್ಣು.

ಮದುವೆಯಾದವರಿಗೆ ಆಗ ತೆರಿಗೆ ಕಡಿಮೆ ಸಾರ್. ಮಕ್ಕಳಿದ್ದರೆ ಇನ್ನೂ ಕಡಿಮೆ. ಅಂದರೆ ಈತ ಎರಡರಲ್ಲಿ ಒಂದು ಕಡೆ ಸುಳ್ಳು ಹೇಳಿದ್ದಾನೆ. ಸುಳ್ಳುಗಾರನಿಗೆ ಪೌರತ್ವ ಇಲ್ಲ. ದೇಶ ಬಿಡಬೇಕು.

ಯಾವ ದೇಶಕ್ಕೆ ಹೋಗಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ.

ಜಗಲಿ ಮೇಲೆ ಕೂತೆವು. ಸುಮಿತ್ರಮ್ಮ ಕಾಫಿ ಕೊಟ್ಟರು. ಸಿದ್ದರಾಜು ಕೈಕಟ್ಟಿ ನನ್ನ ಹಿಂದೆ ನಿಂತ. ಹವಳಪ್ಪ ಅದೇ ಮನೆಯಲ್ಲಿ ಬಾಡಿಗೆಗಿದ್ದ ತನ್ನ ರೂಮಿನಿಂದ ಬಂದು ಕಂಬಕ್ಕೆ ಅಂಟಿಕೊಂಡರು. ಬಿಳಿ ಮೀಸೆ, ಉದ್ದ ಬೆರಳು, ಖಾದಿ ಜುಬ್ಬ.

"ತೆರಿಗೆ ಆಫೀಸಲ್ಲಿ ಏನು ಕೇಳಿದರು? ನೀವೇನಂದ್ರಿ?" ಅಂದೆ.

"ಗುಮಾಸ್ತರು ಕೇಳಿದರು, ಸಂಸಾರ ಇದೆಯಾ ಅಂತ. ಇದೆ ಅಂದೆ. ಎರಡು ಪಾತ್ರೆ, ಒಂದು ಸ್ಟೌ, ಒಂದು ಮಂಚ."

"ಆಮೇಲೆ?"

"ಮನೆಯವರ ಹೆಸರೇನು ಅಂದರು. ಮನೆ ಇವರದು. ಸುಮಿತ್ರಮ್ಮ ಅಂದೆ."

ನನ್ನ ಬೆನ್ನ ಹಿಂದೆ ಸಿದ್ದರಾಜುವಿನ ಬೆರಳಿನ ನೆಟಿಕೆ ಕೇಳಿಸಿತು. ಒಂದೊಂದಾಗಿ.

"ಮಕ್ಕಳು?"

"ಮಕ್ಕಳಿದ್ದಾರಾ ಅಂದರು. ಇಬ್ಬರಿದ್ದಾರೆ ಅಂದೆ. ಪಂಕಜಾ, ಪ್ರೇಮಲೀಲಾ. ಶನಿವಾರ ಮಾತ್ರ ಬರುತ್ತಾರೆ, ಪಾಠಕ್ಕೆ. ಶನಿವಾರದ ವಿಷಯವನ್ನು ಅವರು ಬರೆದುಕೊಳ್ಳಲಿಲ್ಲ."

"ತೆರಿಗೆ ಕಡಿಮೆ ಬಂದಾಗ ಅನುಮಾನ ಬರಲಿಲ್ವಾ?"

"ಸ್ವಾತಂತ್ರ್ಯ ಬಂದಿದೆಯಲ್ಲ, ಅದಕ್ಕೆ ಇರಬೇಕು ಅಂದುಕೊಂಡೆ."

ಹವಳಪ್ಪ ಕಂಬ ಬಿಟ್ಟು ನನ್ನ ಹತ್ತಿರ ಬಂದರು.

"ನಾನು ಸುಳ್ಳು ಹೇಳಲಿಲ್ಲ ಹುಚ್ಚಣ್ಣನವರೇ. ಕನ್ನಡ ಹೇಳಿದೆ."

"ಆ ಇಬ್ಬರು ಹುಡುಗೀರು ಯಾರ ಮಕ್ಕಳು?"

"ಶಿವಲಿಂಗಯ್ಯನವರ ಮಕ್ಕಳು. ತೆರಿಗೆ ಆಫೀಸಿನ ಸಾಹೇಬರು."

ಕಾಫಿ ಲೋಟ ಕೆಳಗಿಟ್ಟೆ. ಪ್ರತಿ ವರ್ಷ ಆ ಲೆಕ್ಕಕ್ಕೆ ಸಹಿ ಹಾಕೋದು ಅದೇ ಶಿವಲಿಂಗಯ್ಯ. ಅಂದರೆ ಆತ ತನ್ನ ಸ್ವಂತ ಮಕ್ಕಳನ್ನ ವರ್ಷಾವರ್ಷ ಹವಳಪ್ಪನ ಮಕ್ಕಳು ಅಂತ ಒಪ್ಪಿ ರುಜು ಹಾಕಿದ್ದಾನೆ. ಓದದೆ.

"ನಾಳೆ ಸಂಜೆ ಒಳಗೆ ನಮ್ಮಕ್ಕನ ಹೆಸ್ರು ಅಲ್ಲಿಂದ ಹೋಗ್ಬೇಕು," ಅಂದ ಸಿದ್ದರಾಜು. "ಇಲ್ದಿದ್ರೆ ಪಿಯಾನೋ ದೊರೆ ಬಾವೀಲಿ. ನೀನೂ ಜೊತೇಲಿ."

ಸುಮಿತ್ರಮ್ಮ ಲೋಟ ತೆಗೆದುಕೊಂಡು ಒಳಗೆ ಹೋದರು. ಹೋಗ್ತಾ ಹೇಳಿದರು.

"ಬಾವಿಗೆ ಹಾಕೋ ಮಾತು ಇನ್ನೊಂದು ಸಲ ಆಡಿದ್ರೆ ನಿನಗೆ ಊಟ ಇಲ್ಲ ಕಣೋ."

ಮಾರನೆ ದಿನ ಶನಿವಾರ. ಆಫೀಸು ಅರ್ಧ ದಿನ.

ಶಿವಲಿಂಗಯ್ಯ ದೊಡ್ಡ ಆಳು. ಕೋಟು, ಪೇಟ, ಹಣೆ ತುಂಬ ವಿಭೂತಿ. ಮೊದಲು ನನ್ನನ್ನ ಕೂರಿಸಲೂ ಇಲ್ಲ. ವಿಷಯ ಹೇಳಿದೆ. ಕಡತ ತರಿಸಿದರು. ಓದಿದರು.

ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

"ಕೂತ್ಕೊಳ್ರಿ."

ಕೂತೆ.

"ಇದನ್ನ ತಿದ್ದೋಕಾಗಲ್ಲ."

"ತಪ್ಪು ಆಗಿದೆ ಸಾರ್. ತೆರಿಗೆ ಎಷ್ಟು ಬಾಕಿ ಬರುತ್ತೋ ಅಷ್ಟೂ ಕಟ್ತಾರೆ. ದಂಡಾನೂ ಕಟ್ತಾರೆ. ಹೆಂಡತಿ, ಮಕ್ಕಳನ್ನ ತೆಗೆದುಹಾಕಿ ಅಷ್ಟೇ."

"ತೆಗೆದರೆ ಯಾಕೆ ತೆಗೆದೆ ಅಂತ ಮೇಲಿನವರು ಕೇಳ್ತಾರೆ. ಮಕ್ಕಳು ಯಾರವು ಅಂತ ಕೇಳ್ತಾರೆ. ನನ್ನ ಕೆಲಸ ಹೋಗುತ್ತೆ. ಕೆಲಸ ಹೋದರೂ ಪರವಾಗಿಲ್ಲ, ಕ್ಲಬ್ಬಲ್ಲಿ ನಗ್ತಾರೆ." ದನಿ ತಗ್ಗಿಸಿದರು. "ಒಂದು ಕೆಲಸ ಮಾಡಿ. ಪೌರತ್ವದ ಅರ್ಜಿ ತಿದ್ದಿಸಿ. ಮದುವೆ ಆಗಿದೆ ಅಂತ ಬರೆಸಿ."

"ಆಗಿಲ್ಲವಲ್ಲ ಸಾರ್."

"ಆಗಲಿ. ಯಾರು ಬೇಡ ಅಂದ್ರು?"

"ಮಕ್ಕಳು?"

"ಇದ್ದಾರೆ ಅಂತ ಬರೆಸಿ."

"ನಿಮ್ಮ ಮಕ್ಕಳು ಸಾರ್."

"ಶನಿವಾರ ಅವನ ಹತ್ತಿರಾನೇ ಇರ್ತಾರಲ್ರೀ."

ನಾನು ಒಪ್ಪಲಿಲ್ಲ. ಆತ ಗಂಟೆ ಒತ್ತಿ ಜವಾನನನ್ನ ಕರೆದರು. ಜವಾನ ನನ್ನ ರಟ್ಟೆ ಹಿಡಿದ. ಅವನ ಕೈ ಬಿಡಿಸಿಕೊಂಡು ತಿರುಗೋ ಹೊತ್ತಿಗೆ ಸಾಹೇಬರ ಕುರ್ಚಿ ಖಾಲಿ. ಕಡತ ಇಲ್ಲ. ಹಿಂದಿನ ಬಾಗಿಲು ತೆರೆದಿತ್ತು...

ಕಿಟಕಿಯಿಂದ ನೋಡಿದೆ. ಪೇಟ ಓರೆಯಾಗಿ, ಕಡತ ಎದೆಗೆ ಅವುಚಿಕೊಂಡು ಟಾಂಗಾ ಹತ್ತುತ್ತಿದ್ದರು.

ಕಡತ ಸುಟ್ಟರೆ ಮುಗೀತು. ಪೊಲೀಸರ ಹತ್ತಿರ ಇರೋ ಉತ್ತರ ಶಾಶ್ವತವಾಗಿ ನಿಜವಾಗುತ್ತೆ.

ಕೆಳಗೆ ಸಿದ್ದರಾಜು ಕಾಯುತ್ತಿದ್ದ. ಇಬ್ಬರೂ ಇನ್ನೊಂದು ಟಾಂಗಾ ಹತ್ತಿದೆವು. ಗಾಡಿ ಹೊಡೆಯೋ ಸಾಬರಿಗೆ ಹೇಳಿದೆ.

"ಸಾಬ್ರೆ, ಆ ಗಾಡಿ ಹಿಂದೆ. ಬೇಗ."

ಮುಂದಿನ ಗಾಡಿ ಬನ್ನಿಮಂಟಪದ ಕಡೆ ತಿರುಗಿತು. ನಮ್ಮದೂ ತಿರುಗಿತು. ಮಾರುಕಟ್ಟೆ ಹತ್ತಿರ ಹೂವಿನ ಬುಟ್ಟಿ ಒಂದು ನಮ್ಮ ಚಕ್ರಕ್ಕೆ ಸಿಕ್ಕಿತು. ಬೈಗುಳ ಬಹಳ ದೂರ ಹಿಂದೆ ಬಂತು. ಕುದುರೆ ಚೆನ್ನಾಗಿಯೇ ಓಡಿತು. ಆದರೆ ಮುಂದಿನ ಗಾಡಿಗೂ ನಮಗೂ ಇದ್ದ ಅಂತರ ಒಂದು ಮೊಳ ಹೆಚ್ಚಲಿಲ್ಲ, ಒಂದು ಮೊಳ ಕಡಿಮೆಯಾಗಲಿಲ್ಲ.

"ದಾಟಿಸಿ ಸಾಬ್ರೆ."

"ಆಗಲ್ಲ ಸ್ವಾಮಿ."

"ಯಾಕೆ?"

"ಮುಂದೆ ಇರೋದು ಇದರ ತಾಯಿ. ಹುಟ್ಟಿದಾಗಿನಿಂದ ತಾಯಿಯನ್ನ ದಾಟಿ ಹೋಗಿಲ್ಲ."

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನ ಕುದುರೆ ನೀರಿನ ತೊಟ್ಟಿ ಕಂಡು ನಿಂತಿತು. ಶಿವಲಿಂಗಯ್ಯ ಕೂಗಾಡುತ್ತಿದ್ದರು. ಸಿಕ್ಕರು ಅಂದುಕೊಂಡೆ.

ನಮ್ಮದೂ ನಿಂತಿತು. ಅಷ್ಟೇ ದೂರದಲ್ಲಿ.

ತಾಯಿ ನೀರು ಕುಡಿಯಿತು. ಮಗ ಕಾದ. ಶಿವಲಿಂಗಯ್ಯ ನಮ್ಮನ್ನ ನೋಡಿದರು. ನಾವು ಅವರನ್ನ ನೋಡಿದೆವು. ತಾಯಿ ಹೊರಟಿತು. ನಾವೂ ಹೊರಟೆವು.

"ಥೂ," ಅಂದ ಸಿದ್ದರಾಜು.

ಗಾಡಿಯಿಂದ ಹಾರಿದ. ಪಂಚೆ ಎತ್ತಿ ಕಟ್ಟಿ ಓಡಿದ. ಬನ್ನಿಮಂಟಪದ ಮೈದಾನದ ಅಂಚಿನಲ್ಲಿ ಮುಂದಿನ ಗಾಡಿಯ ಹಿಂಬದಿ ಹಿಡಿದು ಕಾಲೂರಿದ. ಧೂಳೆದ್ದಿತು. ತಾಯಿ ಕುದುರೆ ಮುಂದೆ ಎಳೆಯಿತು. ಪೈಲ್ವಾನ್ ಹಿಂದೆ ಎಳೆದ.

ಪೈಲ್ವಾನ್ ಗೆದ್ದ.

ಶಿವಲಿಂಗಯ್ಯ ಮೈದಾನದಲ್ಲಿ ಇಳಿದು ಬೆಂಕಿಪೊಟ್ಟಣ ತೆಗೆದರು. ಕಡ್ಡಿ ಗೀರಿದರು. ಆರಿತು. ಇನ್ನೊಂದು ಗೀರಿದರು. ಆರಿತು. ಸಿದ್ದರಾಜು ಪೊಟ್ಟಣ ಕಿತ್ತುಕೊಂಡು ನನಗೆ ಕೊಟ್ಟ.

"ಇಪ್ಪತ್ತು ವರ್ಷದ ಸರ್ವೀಸು ಕಣ್ರೀ," ಅಂದರು ಶಿವಲಿಂಗಯ್ಯ. ನೆಲದ ಮೇಲೆ ಕೂತುಬಿಟ್ಟರು. "ಗುಮಾಸ್ತ ತಂದು ಇಡ್ತಿದ್ದ. ನಾನು ರುಜು ಹಾಕ್ತಿದ್ದೆ."

ಹೊಡೆಯೋ ಮನಸ್ಸೇ ಹೋಯಿತು ಸಾರ್. ಗಾಡಿಗೆ ಹತ್ತಿಸಿಕೊಂಡು ಲಕ್ಷ್ಮೀಪುರಂಗೆ ತಂದೆವು.

ಮನೆಯೊಳಗೆ ಪಿಯಾನೋ ಕೇಳುತ್ತಿತ್ತು. ಶನಿವಾರವಲ್ಲವೇ. ಪಂಕಜಾ, ಪ್ರೇಮಲೀಲಾ ಪಾಠದಲ್ಲಿದ್ದರು. ತಪ್ಪು ತಪ್ಪಾಗಿ ನುಡಿಸುತ್ತಿದ್ದರು. ಶಿವಲಿಂಗಯ್ಯ ಜಗಲಿಯಲ್ಲೇ ಕೂತರು. ಒಳಗೆ ಹೋಗೋ ಧೈರ್ಯ ಬರಲಿಲ್ಲ.

ಸುಮಿತ್ರಮ್ಮ ಎಲ್ಲರಿಗೂ ಕಾಫಿ ತಂದರು. ಹವಳಪ್ಪನೂ ಬಂದು ನಿಂತರು. ನಾನು ಮಾತು ಶುರು ಮಾಡಿದೆ.

"ಸುಲಭ ಸಾರ್. ಇವರಿಗೆ ಕನ್ನಡ ಬರಲ್ಲ, ಅದಕ್ಕೆ ತಪ್ಪು ಉತ್ತರ ಕೊಟ್ರು ಅಂತ ಬರೆಯೋಣ."

ಶಿವಲಿಂಗಯ್ಯ ತಲೆ ಅಲ್ಲಾಡಿಸಿದರು. ಕಾನೂನು ಬಂದ ಕೂಡಲೇ ಆತನ ದನಿಗೆ ಜೀವ ಬಂತು.

"ಪೌರತ್ವ ಬೇಕಾದರೆ ದೇಶದ ಒಂದು ಭಾಷೆ ಬರಲೇಬೇಕು. ಇವರು ಯಾವ ಭಾಷೆ ಅಂತ ಬರೆದಿದ್ದಾರೆ?"

"ಕನ್ನಡ," ಅಂದರು ಹವಳಪ್ಪ.

ಕನ್ನಡ ಬರುತ್ತೆ ಅಂದರೆ ತೆರಿಗೆಗಳ್ಳ. ಬರಲ್ಲ ಅಂದರೆ ಪರದೇಶದವ. ಎರಡು ಕಡೆಯಿಂದಲೂ ಬಾಗಿಲು ಹಾಕಿತ್ತು.

ಸಿದ್ದರಾಜು ಮೆಲ್ಲಗೆ ಬಾವಿಯ ಕಡೆ ನೋಡಿದ. ಊಟದ ನೆನಪಾಗಿ ಸುಮ್ಮನಾದ.

"ಇವರಿಗೆ ಕನ್ನಡ ಬರುತ್ತೆ," ಅಂದರು ಸುಮಿತ್ರಮ್ಮ. "ಆ ಗುಮಾಸ್ತನಿಗೇ ಬರಲ್ಲ. ಹೆಂಡತಿ ಇದ್ದಾಳಾ ಅಂತ ನೆಟ್ಟಗೆ ಕೇಳಬೇಕಾಗಿತ್ತು. ಸಂಸಾರ, ಮನೆಯವರು ಅಂತ ಸುತ್ತಿ ಬಳಸಿ ಕೇಳಿದ. ಇವರು ಕೇಳಿದ್ದಕ್ಕೆ ಸರಿಯಾಗಿ ಹೇಳಿದ್ರು. ಹಾಗೇ ಬರೀರಿ."

ಶಿವಲಿಂಗಯ್ಯ ಆಕೆಯನ್ನೇ ನೋಡಿದರು.

"ಆ ಗುಮಾಸ್ತ ಎಲ್ಲಿದ್ದಾನೆ ಸಾರ್?" ಅಂದೆ.

"ಬಳ್ಳಾರಿಗೆ ವರ್ಗ ಆಗಿದೆ." ಮುಖ ಮೊದಲ ಸಲ ಅರಳಿತು. "ಆದರೆ ಮಕ್ಕಳು?"

"ಪಾಠಕ್ಕೆ ಬರೋ ಮಕ್ಕಳು ಅಂತ ಬರೀರಿ. ನಿಜ ತಾನೆ? ಯಾರ ಮಕ್ಕಳು ಅಂತ ಯಾರೂ ಕೇಳಿಲ್ಲವಲ್ಲ," ಅಂದೆ.

ಪೆನ್ನು ತೆಗೆದರು. ಬರೆದರು. ಆಮೇಲೆ ಅಭ್ಯಾಸಬಲ ನೋಡಿ, ತಲೆ ಎತ್ತಿ ಕೇಳಿದರು.

"ನೀವು ಇವರ ಹೆಂಡತಿ ಅಲ್ಲ ಅನ್ನೋದಕ್ಕೆ ಸಾಕ್ಷಿ ಏನಮ್ಮ?"

ಸಿದ್ದರಾಜು ಒಂದು ಹೆಜ್ಜೆ ಮುಂದೆ ಬಂದ. ಸುಮಿತ್ರಮ್ಮ ಕೈ ಎತ್ತಿ ತಡೆದರು.

"ಇಷ್ಟು ವರ್ಷ ಆಯ್ತು. ಇವತ್ತಿಗೂ ಬಾಗಿಲು ತಟ್ಟಿ, ನಾನು ಬನ್ನಿ ಅಂದಮೇಲೆ ಒಳಗೆ ಬರ್ತಾರೆ. ಬಾಗಿಲು ತಟ್ಟೋ ಗಂಡನ್ನ ನೀವು ನೋಡಿದ್ದೀರಾ?"

ಶಿವಲಿಂಗಯ್ಯ ಪೆನ್ನು ಮತ್ತೆ ಎತ್ತಿದರು. ಬರೆದುಕೊಂಡರು.

ಕಾಗದ ಹವಳಪ್ಪನ ಮುಂದೆ ಬಂತು. ಹೆಂಡತಿ ಇಲ್ಲ. ಮಕ್ಕಳಿಲ್ಲ. ಸಂಬಂಧಿಕರು ಯಾರೂ ಇಲ್ಲ. ಕೆಳಗೆ ಸಹಿ.

ಆ ಉದ್ದ ಬೆರಳು ಪೆನ್ನು ಹಿಡಿದು ಹಾಗೇ ನಿಂತಿತು.

"ಯಾರೂ ಇಲ್ಲ ಅಂತ ಬರೆಯಲೇಬೇಕಾ?" ಅಂದರು.

"ಬರೀಬೇಕು," ಅಂದೆ.

ಒಳಗೆ ಹುಡುಗಿಯರಲ್ಲಿ ಒಬ್ಬಳು ಮತ್ತೆ ಪಿಯಾನೋದ ತಪ್ಪು ಮನೆ ಒತ್ತಿದಳು. ಹವಳಪ್ಪ ಅಲ್ಲಿಂದಲೇ ದನಿ ಎತ್ತಿ ತಿದ್ದಿದರು. ಅವಳು ಸರಿಯಾಗಿ ನುಡಿಸಿದಳು. ಆಮೇಲೆ ಸಹಿ ಹಾಕಿದರು.

ಸುಮಿತ್ರಮ್ಮ ಅದನ್ನ ನೋಡಲಿಲ್ಲ. ಅಡುಗೆಮನೆಗೆ ಹೋಗಿದ್ದರು. ಪಾತ್ರೆಗಳ ಸದ್ದು ಜೋರಾಗಿ ಬರುತ್ತಿತ್ತು.

ಬಾಕಿ ತೆರಿಗೆ, ದಂಡ, ಎಲ್ಲ ಕಟ್ಟಿಸಿದೆವು. ಪೊಲೀಸರಿಗೆ ಹೊಸ ಉತ್ತರ ಹೋಯಿತು. ಕನ್ನಡ ಪರೀಕ್ಷೆ ಮಾಡಿದ ಅಧಿಕಾರಿಗೆ ಹವಳಪ್ಪ ಎಷ್ಟು ಮಾತಾಡಿದರೆಂದರೆ, ಆತನೇ ಸಾಕು ಹೋಗಿ ಅಂದರಂತೆ. ಮಾರನೆ ವರ್ಷ ಪೌರತ್ವ ಬಂತು. ಸಿದ್ದರಾಜು ಗರಡಿಯಲ್ಲಿ ಎಲ್ಲರಿಗೂ ಬಾದಾಮಿ ಹಾಲು ಹಂಚಿದ. ನನಗೆ ಎರಡು ಲೋಟ. ಬಾವಿಯ ಬಾಬ್ತು ಅಂತ.

ಮದುವೆಯಾದರಾ ಅಂತ ಕೇಳ್ತೀರಿ. ಎಲ್ಲರೂ ಕೇಳ್ತಾರೆ.

ಇಲ್ಲ ಸಾರ್.

ಪೌರತ್ವ ಬಂದ ತಿಂಗಳೇ ಸುಮಿತ್ರಮ್ಮ ಬಾಡಿಗೆ ಏರಿಸಿದರು. ನಾನು ಹೋಗಿ ಕೇಳಿದೆ, ಯಾಕಮ್ಮ, ಪಾಪ, ಅಂತ. ಒಲೆಗೆ ಸೌದೆ ತಳ್ಳುತ್ತಾ ಹೇಳಿದರು.

"ಇಷ್ಟು ದಿನ ಪರದೇಶಿ ಅಂತ ಕನಿಕರ ಪಟ್ಟೆ. ಈಗ ನಮ್ಮೋರೇ ಆದ್ರಲ್ಲ, ಎಲ್ಲರ ಹಾಗೆ ಕೊಡ್ಲಿ."