ಸೂರಕ್ಕಿಯ ಮುಂದೆ ಒಂದು ‘ಚಲೋ’

"ಅಲ್ಲಾಡಬೇಡಿ..."

ಬೆನ್ನ ಹಿಂದಿನ ಗಂಡಸಿನ ಪಿಸುದನಿಗೆ ಪ್ರಿಯಾಳ ಎದೆ ಧಸಕ್ಕೆಂದಿತು. ಹಲಸೂರು ಕೆರೆ ಪಕ್ಕದ ದಾಸವಾಳದ ಪೊದೆಯಲ್ಲಿ ಬೆಳಗಿನಿಂದ ಅವಳನ್ನು ಆಟವಾಡಿಸಿದ್ದ ಪುಟ್ಟ ಸೂರಕ್ಕಿ, ಅವಳ ಹೊಸ ಲೆನ್ಸಿನ ತುದಿಯ ಮೇಲೇ ಬಂದು ಕುಳಿತಿತ್ತು!

ಎಷ್ಟೋ ಆಸೆಯಿಂದ ಕೊಂಡ ಉದ್ದನೆಯ ಲೆನ್ಸು. ದೂರದ ಹಕ್ಕಿಯನ್ನು ಹತ್ತಿರ ತರುತ್ತದೆ, ತನ್ನ ಮೇಲೇ ಕುಳಿತದ್ದನ್ನು ಏನು ಮಾಡೀತು?

ಕ್ಲಿಕ್ ಎಂದದ್ದು ಅವನ ಕ್ಯಾಮೆರಾ.

ಹಕ್ಕಿ ಹಾರಿತು. ಪ್ರಿಯಾ ಉರಿದುಬಿದ್ದಳು. ಅವನು ನಗುತ್ತಲೇ ಚಿತ್ರ ತೋರಿಸಿದ. ಅದರಲ್ಲಿ ಹಕ್ಕಿಗಿಂತ ಅವಳ ಕಣ್ಣುಗಳೇ ಸ್ಪಷ್ಟವಾಗಿದ್ದವು...

ರಾಯಚೂರಿನ ಕಡೆಯ ಲಕ್ಷ್ಮಿಕಾಂತ ಪರಿಚಯವಾದದ್ದು ಹೀಗೆ. ವಿಮಾನಪುರದಲ್ಲಿ ಬಾಡಿಗೆ ರೂಮು, ಲ್ಯಾಬೊಂದರಲ್ಲಿ ಕೆಲಸ. ಆಮೇಲಿನ ಭಾನುವಾರಗಳೆಲ್ಲ ಇಬ್ಬರಿಗೂ ಆ ಪೊದೆಯ ಮುಂದೆಯೇ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮನಿಂದ ಬೈಸಿಕೊಳ್ಳುವ ಹುಡುಗಿ, ಅವನ ಪಕ್ಕದಲ್ಲಿ ಮಾತ್ರ ಒಂದಿಷ್ಟು ಹೊತ್ತು ಕೂರುತ್ತಿದ್ದಳು.

ಒಂದು ಭಾನುವಾರ ಸೂರಕ್ಕಿ ಕೊನೆಗೂ ಅವಳ ಫ್ರೇಮಿಗೆ ಸಿಕ್ಕಿತು. ಆ ಖುಷಿಯಲ್ಲಿ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ಬದುಕಿಡೀ ಹೀಗೇ ಜೊತೇಲಿರೋಣ್ವಾ?"

ಅವನು ಅವಳ ಕ್ಯಾಮೆರಾದ ಪರದೆಯಿಂದ ಕಣ್ಣು ಕೀಳಲಿಲ್ಲ. ಒಂದೇ ಮಾತು ಹೇಳಿದ.

"ಚಲೋ."

ಶಿವಾಜಿನಗರದ ಗಲ್ಲಿಯಲ್ಲಿ ಗೆಳತಿ ಲುಬ್ನಾಳ ಜೊತೆ ಬೆಳೆದವಳು ಪ್ರಿಯಾ. ಅಲ್ಲಿನ ಉರ್ದುವಿನಲ್ಲಿ ಆ ಮಾತಿಗೆ ಒಂದೇ ಅರ್ಥ, ನಡಿ, ಹೊರಡೋಣ. ‘ಇಷ್ಟು ದೊಡ್ಡ ಮಾತಿಗೆ ಇಷ್ಟೇನಾ ಉತ್ತರ? ಹೊರಡು ಅಂದುಬಿಟ್ಟನಲ್ಲ...’ ಕಣ್ಣೀರು ಕಾಣಿಸಬಾರದೆಂದು ಬ್ಯಾಗು ಎತ್ತಿಕೊಂಡವಳು ಹಿಂತಿರುಗಿ ನೋಡಲಿಲ್ಲ. ಅವನ ಕರೆಗಳನ್ನೂ ಎತ್ತಲಿಲ್ಲ.

ಆದರೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕುಳಿತಲ್ಲಿ ಕೂರಲಾಗಲಿಲ್ಲ. ಕೆ.ಆರ್.ಪುರದ ಕೆರೆಗೆ ಹೋದಳು, ಮಹದೇವಪುರದ ಕೆರೆಗೂ ಹೋದಳು. ತೆಗೆದ ಹಕ್ಕಿಯೆಲ್ಲ ಮಸುಕು. ಲೆನ್ಸಿನದೇನು ತಪ್ಪು, ಹಕ್ಕಿ ಫೋಕಸಿಗೆ ಬರುವ ತನಕ ಅವಳು ಕಾಯುತ್ತಲೇ ಇರಲಿಲ್ಲ.

ಬರೀ ಸೂರಕ್ಕಿಗಾಗಿ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಮತ್ತೆ ಹಲಸೂರಿಗೆ ಬಂದಳು. ಪೊದೆಯ ಮುಂದೆ ಅವನಿದ್ದ. ಗಡ್ಡ ಬೆಳೆದಿತ್ತು, ಕೈಯಲ್ಲಿ ಕ್ಯಾಮೆರಾ ಇರಲಿಲ್ಲ.

"ಒಪ್ಕೊಂಡ್ ಮ್ಯಾಲೂ ಯಾಕ್ ಬಿಟ್ಟ್ ಹೋದ್ರಿ?"

"ನೀವೆಲ್ಲಿ ಒಪ್ಕೊಂಡ್ರಿ? ಚಲೋ ಅಂದ್ರಿ, ಹೊರಟೆ."

ಲಕ್ಷ್ಮಿಕಾಂತ ಹಣೆ ಬಡಿದುಕೊಂಡ.

"ಚಲೋ ಅಂದ್ರ ನಮ್ ಕಡೆ ಭಾಳ ಒಳ್ಳೇದು ಅಂತ್ರೀ... ನಗ್ತಾರಂತ ಇಲ್ಲಿ ಎಲ್ಲರ ಮುಂದೂ ನಿಮ್ಮ ಕನ್ನಡಾನೇ ಆಡ್ತಿದ್ದೆ. ಅವತ್ತು ಎದಿ ತುಂಬಿ ಬಂತು, ನಮ್ಮವ್ವನ ಮಾತು ಬಂದ್ಬಿಡ್ತು."

ಪ್ರಿಯಾಳಿಗೆ ನಗುವೂ ಬಂತು, ಅಳುವೂ ಬಂತು. ಅವನು ಅವಳಿಗಾಗಿ ಮನೆಯ ಮಾತಿನ ಬಾಗಿಲನ್ನೇ ತೆರೆದಿದ್ದ. ಅವಳು ಅದನ್ನೇ ಬಾಗಿಲು ಹಾಕಿದ ಸದ್ದು ಎಂದುಕೊಂಡಿದ್ದಳು.

ಪೊದೆಯಲ್ಲಿ ಸೂರಕ್ಕಿ ಚಿಂವ್ ಎಂದಿತು. ಕ್ಯಾಮೆರಾ ಎತ್ತುವ ಮನಸ್ಸಾಗಲಿಲ್ಲ. ಅವನ ಕೈ ಹಿಡಿದು ಪಕ್ಕದಲ್ಲಿ ಕುಳಿತಳು.

"ಊರಿಗ್ ಹೋಗಿ ನಮ್ಮವ್ವನ ಮುಂದ ಹೇಳೂಣೇನ್ರಿ?" ಅವನು ಅಂಜುತ್ತಲೇ ಕೇಳಿದ.

"ಚಲೋ."

"ಯಾವ ಚಲೋ?"

ಪ್ರಿಯಾ ಅವನ ಭುಜಕ್ಕೆ ತಲೆಯಿಟ್ಟಳು.

"ಎರಡೂ."