ಮೂರು ಯಂತ್ರ, ಒಂದು ತಪ್ಪು

"ಮೇಡಂ, ಈ ವರದಿ ಕೋರ್ಟಿಗಿ ಕೊಡಬ್ಯಾಡ್ರಿ. ಲೆಕ್ಕ ತಪ್ಪದ!"

ಜಹೀರಾಬಾದಿನ ಕಾರ್ಮಿಕರ ಸಭೆಯಲ್ಲಿ ಎದ್ದು ನಿಂತವನನ್ನು ಧಮ್ಮಶೀಲಾ ದಿಟ್ಟಿಸಿದಳು. ಅವಳ ಸಭೆಗಳಲ್ಲಿ ಸದಾ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಸಂಖ್ಯಾಶಾಸ್ತ್ರದ ಲೆಕ್ಚರರ್ ಲಿಂಗರಾಜ... ತಾಂಡೂರಿನ ಕಲ್ಲುಗಣಿ ಮಾಲೀಕನ ತಂಗಿಯ ಮಗ!

ಕಲ್ಲಿನ ಧೂಳು ಕಾರ್ಮಿಕರ ಮೆದುಳನ್ನು ಕುಗ್ಗಿಸುತ್ತದೆಂದು ತೋರಿಸಲು ಅವಳು ವರ್ಷಗಟ್ಟಲೆ ಸಂಶೋಧನೆ ನಡೆಸಿದ್ದಳು; ಮಾಲೀಕನ ಮೇಲೆ ಕಾರ್ಮಿಕರು ಹೂಡಿದ್ದ ಕೇಸಿಗೆ ಆ ವರದಿಯೇ ಆಧಾರವಾಗಿತ್ತು. ಅದೇ ಗಣಿಯಲ್ಲಿ ದುಡಿದ ಅಪ್ಪ ಕಿಷ್ಟಪ್ಪ, ಈಗ ಮಗಳ ಹೆಸರನ್ನೂ ಮರೆತು ನಾರಾಯಣಖೇಡದ ಮನೆಯಲ್ಲಿ ಮಲಗಿದ್ದ.

"ಏನ್ ತಪ್ಪದರಿ?"

"ಮೂರು ಆಸ್ಪತ್ರಿ ಯಂತ್ರದಾಗ ಸ್ಕ್ಯಾನ್ ಮಾಡ್ಸೀರಿ. ಅವಕ್ಕ ಒಂದು, ಎರಡು, ಮೂರು ಅಂತ ಬರದು ಲೆಕ್ಕಕ್ಕ ಹಾಕೀರಿ. ಕಂಪ್ಯೂಟರ್ ಅದನ್ನ ಅಳತಿ ಅಂತ, ಒಂದಕ್ಕಿಂತ ಮೂರು ಹೆಚ್ಚು ಅಂತ ತಿಳಕೊಂಡದ. ಅವು ಬರೀ ಹೆಸರರಿ! ಯಾವ ಯಂತ್ರ ಅಂಬೋದಕ್ಕ ಹೌದು-ಇಲ್ಲ ಅಂತ ಬ್ಯಾರೆ ಬ್ಯಾರೆ ಕಾಲಂ ಬೇಕು."

"ನಿಮ್ಮ ಮಾವ ಕಲಿಸಿ ಕಳಿಸ್ಯಾನೇನು?"

ಅವನ ಮುಖ ಕಪ್ಪಿಟ್ಟಿತು. ಎದ್ದು ಹೊರಗೆ ಹೋದ.

ಅವನು ಹೇಳಿದಂತೆಯೇ ಅವಳು ಲೆಕ್ಕವನ್ನು ಮತ್ತೆ ಮಾಡಿದಳು... ಫಲಿತಾಂಶವೇ ಮಾಯ! ಹೆಚ್ಚಿನ ಕಾರ್ಮಿಕರು ಹೋಗಿದ್ದು ಒಂದೇ ಆಸ್ಪತ್ರೆಗೆ. ಅಲ್ಲಿನ ಯಂತ್ರ ಗಣಿಗೆ ಹೋಗದವರ ಮೆದುಳನ್ನೂ ಚಿಕ್ಕದಾಗಿಯೇ ತೋರಿಸುತ್ತಿತ್ತು.

'ಅಪ್ಪಾ... ಏನು ಮಾಡಿಬಿಟ್ಟೆ ನಾನು?'

ವರದಿಯನ್ನು ಹಿಂದಕ್ಕೆ ಪಡೆದಳು. ಗಣಿಯಲ್ಲಿ ಗಂಡನನ್ನು ಕಳೆದುಕೊಂಡಿದ್ದ ಗುಂಡಮ್ಮ ಬಾಗಿಲಿಗೇ ಬಂದು ಉಗಿದಳು. "ಮಾಲೀಕನ ಕಡಿ ಆದ್ಯಾ?"

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ನಡೆದಿತ್ತು. ಬಸ್ಸುಗಳಿಲ್ಲದ ಆ ದಿನಗಳಲ್ಲೇ ಕಿಷ್ಟಪ್ಪ ತೀರಿಕೊಂಡ. ನೆಂಟರು ಬರಲಾಗಲಿಲ್ಲ. ಚಟ್ಟಕ್ಕೆ ಹೆಗಲು ಸಾಲಲಿಲ್ಲ.

ಆಗ ಒಂದು ಬೈಕು ಬಂದು ನಿಂತಿತು. ಲಿಂಗರಾಜ! ಚಪ್ಪಲಿ ಬಿಟ್ಟವನೇ ಚಟ್ಟಕ್ಕೆ ಹೆಗಲು ಕೊಟ್ಟ.

ಚಿತೆ ಉರಿದ ಮೇಲೆ ಅವಳು ಕೇಳಿದಳು. "ಯಾಕ ಬಂದ್ರಿ? ನಿಮ್ಮ ಮಂದಿ ಏನಂತಾರ?"

"ನಿಮಗ ಹೇಳಿದ್ದಕ್ಕ ಮನಿಯಿಂದ ಹೊರಗ ಹಾಕ್ಯಾರ. ಮಾವನ ವಕೀಲಗ ನಿಮ್ಮ ತಪ್ಪು ಗೊತ್ತಾಗಿತ್ತು. ಕೋರ್ಟಿನ್ಯಾಗ ನಿಮ್ಮನ್ನ ಸುಳ್ಳಿ ಅನ್ನಾಕ ಕಾಯ್ತಿದ್ದ. ಅದಕ್ಕ ಮೊದಲೇ ಹೇಳ್ದೆ."

ಅವಳ ಕಣ್ಣು ತುಂಬಿತು. "ಹಂಗಾರ... ಧೂಳು ಏನೂ ಮಾಡಿಲ್ಲೇನು?"

"ಹಂಗಲ್ಲರಿ. ನಮಗ ಇನ್ನಾ ಗೊತ್ತಾಗಿಲ್ಲ, ಅಷ್ಟೇ. ಎಲ್ಲರನ್ನೂ ಒಂದೇ ಯಂತ್ರದಾಗ ಮತ್ತ ನೋಡೋಣು."

"ಗುಂಡಮ್ಮ ನನ್ನ ಹತ್ತರ ಬರಗೊಡಲ್ಲ."

"ಇಬ್ಬರೂ ಹೋಗೋಣು. ಬೈದ್ರ ಇಬ್ಬರಿಗೂ ಬೈಲಿ."

"ನನ್ನ ಮ್ಯಾಲ ಕನಿಕರ ಏನ್ರಿ?"

"ಇಲ್ಲ..." ಅವನು ಅವಳತ್ತ ತಿರುಗಿದ. "ಪ್ರೀತಿ."

ಅವಳು ಮೆಲ್ಲಗೆ ಅವನ ಬೆರಳು ಹಿಡಿದಳು.

"ನೀ... ಏನರ ಉಂಡೀಯೇನು?"

"ಇಲ್ಲ. ನೀ?"

"ನಾನೂ ಇಲ್ಲ. ನಡಿ, ಮನಿಗಿ ಹೋಗೋಣು."